ಅಣಕು

ಸೆಮಿನಾರ್ ಹಾಲಿನ ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ಅವನದೇ ಅಳು ಕೇಳಿಸುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇವತ್ತು ತರಬೇತಿ ಎನ್ನುವುದು ಅವನಿಗೆ ಮರೆತೇ ಹೋಗಿತ್ತು. ನೆನಪಿದ್ದಿದ್ದರೆ ಹಿಂದಿನ ಮೆಟ್ಟಿಲಿನಿಂದ ಬರುತ್ತಿದ್ದ. ಈಗ ಕೈಯಲ್ಲಿ ಚಹಾದ ಲೋಟ, ಎದುರಿಗೆ ಉದ್ದನೆಯ ಕಾರಿಡಾರು. ಬೇಗ ಬೇಗ ನಡೆದರೆ ಓಡಿಹೋದ ಹಾಗಾಗುತ್ತದೆ, ನಿಧಾನ ಮಾಡಿದರೆ ನಿಂತು ಕೇಳಿದ ಹಾಗಾಗುತ್ತದೆ. ಎರಡೂ ಅಲ್ಲದ ಒಂದು ನಡಿಗೆಯನ್ನು ಹುಡುಕುತ್ತ ಅವನು ಬಾಗಿಲು ದಾಟಿದ. ಪರದೆಯ ಮೇಲಿನ ಮುಖವನ್ನು ಮಸುಕು ಮಾಡಿದ್ದರು. ಯಾರ ಮಾನವೂ ಹೋಗಬಾರದೆಂದು ಮುಖ್ಯಸ್ಥರೇ ಮುತುವರ್ಜಿಯಿಂದ ಮಾಡಿಸಿದ್ದು. ದನಿಯನ್ನೂ ಮಸುಕು ಮಾಡಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ‘ಅಮ್ಮಾ, ಅಮ್ಮಾ’ ಎಂದು ನಲವತ್ತು ದಾಟಿದ ಗಂಡಸೊಬ್ಬ ಮೂಗೆಳೆಯುತ್ತ ಅಳುತ್ತಿದ್ದ. ಆಮೇಲೆ ಫೋನಿನಲ್ಲಿ ಹೆಂಡತಿಗೆ ಹೇಳುತ್ತಿದ್ದ: ‘ಮಗೂನ ನಿನ್ನ ತಂಗಿ ಹತ್ರ ಬಿಡು. ನಿನ್ನ ಕೈಲಿ ಆಗಲ್ಲ. ನಿನಗೆ ತಾಳ್ಮೆ ಇಲ್ಲ.’ ಅಲ್ಲಿಗೆ ಚಿತ್ರ ನಿಂತಿತು. ‘ಇಲ್ಲಿ ಏನೇನು ತಪ್ಪಾಯ್ತು, ಯಾರು ಹೇಳ್ತೀರಿ?’ ಎಂದು ತರಬೇತಿ ಕೊಡುವವನು ಕೇಳಿದ. ಯಾರೋ ಏನೋ ಹೇಳಿದರು, ಉಳಿದವರು ನಕ್ಕರು. ಕೆಟ್ಟ ನಗುವೇನಲ್ಲ, ಊಟಕ್ಕೆ ಮುಂಚಿನ ಹಸಿದ ನಗು. ಲೋಟದ ಚಹಾ ಒಂದು ಹನಿಯೂ ಚೆಲ್ಲಿರಲಿಲ್ಲ. ಅದನ್ನು ನೋಡಿ ಅವನಿಗೆ ಹೆಮ್ಮೆಯಾಯಿತು.

ಎಲ್ಲಿ ಯಾವ ಹೊಸ ಜ್ವರ ಎದ್ದರೂ ಅದು ಏನೆಂದು ಮೊದಲು ಪತ್ತೆಹಚ್ಚಬೇಕಾದ ಪ್ರಯೋಗಾಲಯ ಅವರದು. ಅಂಥ ದಿನ ಬಂದಾಗ ಕೈಕಾಲು ಆಡದ ಹಾಗಾಗಬಾರದೆಂದು ಆಗಾಗ ಅಣಕು ತಾಲೀಮು ಮಾಡುತ್ತಿದ್ದರು, ಯಾರಿಗೂ ಮುಂಚಿತವಾಗಿ ಹೇಳದೆ. ಬಣ್ಣದ ನೀರು ತುಂಬಿದ ಕೊಳವೆ ನಿಜವಾದ ಮಾದರಿಯ ವೇಷ ಹಾಕಿಕೊಂಡು, ಮೊಹರು, ಚೀಟಿ, ರೋಗಿಯ ವಿವರ ಎಲ್ಲ ಹೊತ್ತು ಬರುತ್ತಿತ್ತು. ಅವನ ಪಾಲಿಗೆ ಬಂದ ತಾಲೀಮಿನಲ್ಲಿ ಕೊಳವೆ ಕೈಯಲ್ಲೇ ಸೋರಿತ್ತು. ಸೋರುವ ಹಾಗೇ ಮಾಡಿ ಕಳಿಸಿದ್ದರು. ‘ನಿಮಗೆ ಸೋಂಕು ತಗುಲಿರಬಹುದು, ಹೊರಗೆ ಬರಬೇಡಿ’ ಎಂದು ಗಾಜಿನಾಚೆಯಿಂದ ಮುಖ್ಯಸ್ಥರು ಹೇಳಿದ್ದರು. ಒಂದು ಇಡೀ ಮಧ್ಯಾಹ್ನ ಅವನು ಸತ್ತವನಾಗಿ ಕುಳಿತಿದ್ದ. ಸಂಜೆ ಬಾಗಿಲು ತೆರೆದು ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಕಿದ್ದರೆ ಜಗಳವಾಡಬಹುದಿತ್ತು, ಚಪ್ಪಾಳೆಗೆ ಏನೆಂದು ಜಗಳವಾಡುವುದು? ‘ನಿಮ್ಮಿಂದ ನಾವು ತುಂಬ ಕಲಿತೆವು’ ಎಂದು ಮುಖ್ಯಸ್ಥರು ಹೆಗಲ ಮೇಲೆ ಕೈಯಿಟ್ಟರು. ಕಲಿತದ್ದು ಇನ್ನೂ ಮುಗಿದಿಲ್ಲ. ಅವತ್ತಿನಿಂದ ಅವನಿಗೆ ‘ಹೀರೋ’ ಎಂದು ಹೆಸರು ಬಿತ್ತು, ಕ್ಯಾಂಟೀನಿನವನೂ ಹಾಗೇ ಕರೆಯುತ್ತಾನೆ. ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದು, ಬದುಕಿ ಬಂದ ಗಂಡನನ್ನು ನೋಡಿ, ‘ಊಟ ಆಯ್ತಾ?’ ಎಂದಳು. ಅಷ್ಟೇ. ಆ ಫೋನಿನ ಬಗ್ಗೆ ಇವತ್ತಿನವರೆಗೆ ಒಂದು ಮಾತು ಎತ್ತಿಲ್ಲ. ಅವನು ಎದುರಿಗಿದ್ದಾಗ ಮಾತ್ರ ಮಗಳ ಜಡೆಯನ್ನು ವಿಪರೀತ ಮೆತ್ತಗೆ, ವಿಪರೀತ ನಿಧಾನವಾಗಿ ಹೆಣೆಯುತ್ತಾಳೆ. ಸ್ಕೂಲಿನ ಬಸ್ಸು ತಪ್ಪಿದರೂ ಸರಿಯೇ. ಅವನು ಅವತ್ತು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ, ಅದೇ ತೊಂದರೆ. ಸಾಯುವವನು ನಿಜ ಹೇಳಿ ಹೋಗಿಬಿಡಬಹುದು, ಹೇಳಿದ ಮೇಲೆ ಉಳಿದುಕೊಂಡರೆ ಅದರ ಜೊತೆ ಸಂಸಾರ ಮಾಡಬೇಕು.

ಊಟದ ಹೊತ್ತು ಮುಗಿಯುತ್ತಿದ್ದಂತೆ ಪೊಟ್ಟಣ ಬಂತು. ದೂರದ ಆಸ್ಪತ್ರೆಯೊಂದರಿಂದ. ಒಂದೇ ಮನೆಯ ಜನ ಜ್ವರ ಬಂದು, ಬಾಯಿ ಮೂಗಿನಲ್ಲಿ ರಕ್ತ ಬಂದು ಸತ್ತಿದ್ದಾರೆ, ಏನೆಂದು ಗೊತ್ತಾಗುತ್ತಿಲ್ಲ. ಮುಖ್ಯಸ್ಥರು ಕೋಣೆಯ ಬಾಗಿಲಲ್ಲೇ ನಿಂತು, ‘ಈಗಲೇ ನೋಡಿಬಿಡ್ರೀ, ಅರ್ಜೆಂಟು’ ಎಂದರು. ಅವರು ಅವನ ಕಣ್ಣು ತಪ್ಪಿಸುತ್ತಿದ್ದಾರೆ ಎನ್ನಿಸಿತು. ತರಬೇತಿಯ ದಿನವೇ ಬಂದ ಪೊಟ್ಟಣ, ಚೀಟಿಯ ಮೇಲೆ ಹೆಚ್ಚು ದುಂಡಗಿನ ಅಕ್ಷರ, ಪಠ್ಯಪುಸ್ತಕದಿಂದ ಎತ್ತಿದಂಥ ಕಥೆ. ನಿಜವಾದ ರೋಗ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ, ಅದು ಅರೆಬರೆಯಾಗಿ, ಹೆಸರು ತಪ್ಪಾಗಿ, ಸೋರುವ ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ಹೊಸಬರಿಗೆ ಬೆಳಗ್ಗೆ ಹಳೆಯ ಚಿತ್ರ ತೋರಿಸಿದರು, ಮಧ್ಯಾಹ್ನಕ್ಕೆ ಅದರ ಎರಡನೇ ಭಾಗ. ಅವನಿಗೆ ಒಳಗೊಳಗೇ ನಗು ಬಂತು. ಬರಲಿ, ಈ ಸಲ ನೋಡಿಕೊಳ್ಳುತ್ತೇನೆ ಎಂದುಕೊಂಡ. ಕೈಗವಸು ತೊಡುವಾಗ ಬೆರಳುಗಳು ಹುರುಪಿನಿಂದ ಇದ್ದವು.

ಒಳಕೋಣೆಯಲ್ಲಿ ಒಬ್ಬರೇ ಕೆಲಸ ಮಾಡುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು. ಆ ದಿನ ಜೊತೆಗಿದ್ದವಳು ಹೆರಿಗೆ ರಜೆ ಮುಗಿಸಿ ಹೋದ ತಿಂಗಳಷ್ಟೇ ಬಂದಿದ್ದ ಟೆಕ್ನಿಷಿಯನ್. ಲ್ಯಾಬಿನವರು ಅವಳನ್ನು ‘ಬಾಣಂತಿ’ ಎಂದೇ ಕರೆಯುತ್ತಿದ್ದರು, ಅವಳೂ ಏನು ಎಂದು ಓಗೊಡುತ್ತಿದ್ದಳು. ಇಡೀ ಕಟ್ಟಡದಲ್ಲಿ ಅವನನ್ನು ಒಂದು ದಿನವೂ ಹೀರೋ ಎನ್ನದವಳು ಅವಳೊಬ್ಬಳೇ. ‘ಸರ್’ ಎನ್ನುತ್ತಿದ್ದಳು, ಅದೂ ನಿಜವಾದ ಮರ್ಯಾದೆಯಿಂದ. ಅದು ಅವನಿಗೆ ಹಿಡಿಸುತ್ತಿರಲಿಲ್ಲ. ಹಂಗಿಸುವವರ ಮುಂದೆ ತಲೆಯೆತ್ತಿ ನಡೆಯುವುದನ್ನು ಹೇಗೋ ರೂಢಿಸಿಕೊಂಡಿದ್ದ, ಇವಳ ಮುಂದೆ ಮಾತ್ರ ತಾನು ಅತ್ತದ್ದು ನೆನಪಾಗುತ್ತಿತ್ತು. ಅವಳು ಪೊಟ್ಟಣದ ಹೊರಹೊದಿಕೆ ಬಿಡಿಸಿ ಪಕ್ಕಕ್ಕಿಟ್ಟಳು. ಅವನು ಒಳಗಿನ ಕೊಳವೆಯನ್ನು ಎತ್ತಿದ. ಬಣ್ಣದ ನೀರು ಎಷ್ಟು ಗಟ್ಟಿಯಾಗಿದೆ ನೋಡೋಣವೆಂದು ಬೆಳಕಿಗೆ ಹಿಡಿದು, ಗಾಳಿ ಹೀರುವ ಪೆಟ್ಟಿಗೆಯ ಒಳಗಿರಬೇಕಾದ ಕೈಯನ್ನು ಹೊರಗೆ ತಂದ. ಅಷ್ಟು ಉಡಾಫೆ ಅವನು ಜೀವನದಲ್ಲಿ ಮಾಡಿರಲಿಲ್ಲ. ಕೊಳವೆ ಜಾರಿ ನೆಲಕ್ಕೆ ಬಿದ್ದು ಒಡೆಯಿತು, ಅವನ ಗೌನಿನ ಅಂಚಿನುದ್ದಕ್ಕೂ, ಅವಳ ತೋಳಿಗೆ ಹನಿಗಳು ಸಿಡಿದವು. ಅವಳು ಕಲಿಸಿದ ಹಾಗೇ ಉಸಿರು ಬಿಗಿಹಿಡಿದು ಅವನ ಬೆನ್ನು ತಟ್ಟಿದಳು. ಇಬ್ಬರೂ ಪಕ್ಕದ ಚಿಕ್ಕ ಕೋಣೆಗೆ ಸರಿದು, ಬಾಗಿಲು ಮುಚ್ಚಿ, ಗಂಟೆ ಒತ್ತಿದರು.

ಆ ಕೋಣೆಯಲ್ಲಿ ಒಂದು ಬೆಂಚು, ಒಂದು ಸಿಂಕು, ಬ್ಲೀಚಿಂಗ್ ನೀರಿನ ಬಕೆಟ್ಟು, ಹೊರಗಿನಿಂದ ಸಾಮಾನು ಕಳಿಸಲು ಗೋಡೆಯಲ್ಲಿ ಎರಡು ಬಾಗಿಲಿನ ಗೂಡು, ಒಂದು ಅಗಲವಾದ ಗಾಜು. ಗಾಜಿನ ಮೇಲೆ ಮೂಲೆಯಲ್ಲಿ ಕ್ಯಾಮೆರಾ. ಮುಖ್ಯಸ್ಥರು ಬಂದು ಮೈಕಿನಲ್ಲಿ ಮಾತಾಡಿದರು: ಅಲ್ಲೇ ಕೂತಿರಿ, ಮಾಸ್ಕ್ ತೆಗೀಬೇಡಿ, ನಾನು ಫೋನ್ ಮಾಡಿ ಬರ್ತೀನಿ. ದನಿ ಓದಿ ಹೇಳಿದ ಹಾಗಿತ್ತು. ಹೋದ ಸಲವೂ ಹೀಗೇ ಹೇಳಿದ್ದರು, ಇದೇ ಕ್ರಮದಲ್ಲಿ. ಅವರು ಅತ್ತ ಹೋದ ಮೇಲೆ ಅವನು ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತ. ಕ್ಯಾಮೆರಾಕ್ಕೆ ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಸಲ ಅವರು ಮಸುಕು ಮಾಡುವ ಅಗತ್ಯ ಬೀಳುವುದಿಲ್ಲ.

ಅವಳು ಗೋಡೆಗೆ ಒರಗಿ ನಿಂತಿದ್ದಳು. ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು.

‘ಸರ್, ಏನಾಗುತ್ತೆ ಈಗ?’

‘ಏನೂ ಆಗಲ್ಲ. ಕೂತ್ಕೋ. ಇದು ಡ್ರಿಲ್ ಕಣಮ್ಮ.’

‘ನಿಮಗೆ ಹೇಳಿದ್ರಾ?’

‘ಹೇಳ್ತಾರಾ ಅವರು? ನೋಡಿದ್ರೆ ಗೊತ್ತಾಗಲ್ವಾ? ಇವತ್ತೇ ಟ್ರೈನಿಂಗು, ಇವತ್ತೇ ಪೊಟ್ಟಣ. ಅವರೆಲ್ಲ ಆ ಹಾಲಲ್ಲಿ ಕೂತ್ಕೊಂಡು ನಮ್ಮನ್ನೇ ನೋಡ್ತಿದಾರೆ.’

ಹೇಳುತ್ತ ಅವನು ಮಾಸ್ಕನ್ನು ತೆಗೆದು ಮಡಿಚಿ ಪಕ್ಕಕ್ಕಿಟ್ಟ, ಸಿನಿಮಾಕ್ಕೆ ಹೋದವನು ಟೋಪಿ ತೆಗೆದಿಡುವ ಹಾಗೆ. ಬೆವೆತ ಮುಖಕ್ಕೆ ಗಾಳಿ ತಾಗಿ ಹಾಯೆನಿಸಿತು. ಕ್ಯಾಮೆರಾದ ಕಡೆ ನೋಡಿ ಸಣ್ಣಗೆ ನಕ್ಕ. ಅವಳು ಮಾತ್ರ ತೆಗೆಯಲಿಲ್ಲ. ಕೋಣೆ ಸೆಕೆಯಾಗಿತ್ತು, ಮಗುವಿಗೆ ಹಾಲೂಡಿಸುವ ಹೊತ್ತು ಮೀರಿ ಗೌನಿನ ಎದೆಭಾಗ ಒದ್ದೆಯಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಅವಳು ಕೈಕಟ್ಟಿ ನಿಂತಿದ್ದಳು. ಅವಳ ಆ ಹೆದರಿಕೆ ಅವನ ಧೈರ್ಯವನ್ನು ಹಾಳು ಮಾಡುತ್ತಿತ್ತು. ಇವಳು ಹೀಗೆ ಮಾಸ್ಕ್ ಹಾಕಿಕೊಂಡು ನಡುಗುತ್ತ ನಿಂತರೆ ತನ್ನ ನಗುವಿಗೆ ಏನು ಬೆಲೆ? ‘ತೆಗಿಯಮ್ಮ ಅದನ್ನ,’ ಎಂದ. ‘ಉಸಿರು ಕಟ್ಟಿ ಬಿದ್ದರೆ ಅದನ್ನೂ ಹಿಡಿದು ವರ್ಷಗಟ್ಟಲೆ ತೋರಿಸ್ತಾರೆ. ನನ್ನ ಮಾತು ಕೇಳು, ಇದರಲ್ಲೆಲ್ಲ ನಾನು ಪಳಗಿದೋನು.’ ಅವಳು ಅವನನ್ನು ನೋಡಿದಳು. ನಂಬುವುದೋ ಬೇಡವೋ ಎಂದು ಅಳೆಯುವ ನೋಟವಲ್ಲ. ನಂಬಿ ಆಗಿತ್ತು, ಸುಮ್ಮನೆ ಹೊತ್ತು ತೆಗೆದುಕೊಳ್ಳುತ್ತಿದ್ದಳು. ಆಮೇಲೆ ಮಾಸ್ಕ್ ತೆಗೆದು, ಬೆವರಿದ ಮುಖವನ್ನು ತೋಳಿನಿಂದ ಒರೆಸಿಕೊಂಡಳು, ಬಾಯಿ, ಮೂಗು, ಕಣ್ಣು. ಹನಿ ಸಿಡಿದಿದ್ದ ತೋಳು ಅದೇ ಎನ್ನುವುದನ್ನು ಅವನು ನೋಡಿದ. ಬಣ್ಣದ ನೀರು ತಾನೇ ಎಂದುಕೊಂಡ.

ಮುಖ್ಯಸ್ಥರು ಮರಳಿ ಬಂದಾಗ ಅವನು ಒಂದು ಹಳೆಯ ಹಾಡನ್ನು ಗುನುಗುತ್ತಿದ್ದ. ಅವರು ಗಾಜಿನ ಹತ್ತಿರ ಬಂದು, ಮೈಕಿನ ಗುಂಡಿ ಒತ್ತಿ, ತಲೆಯೆತ್ತಿ ಇಬ್ಬರ ಬರಿಮುಖಗಳನ್ನು ನೋಡಿದರು. ನೋಡಿ ಒಂದು ಹೆಜ್ಜೆ ಹಿಂದಕ್ಕೆ ಹೋದರು. ನಡುವೆ ದಪ್ಪ ಗಾಜು, ಸುತ್ತ ರಬ್ಬರಿನ ಬಿಗಿ, ಆಚೆಗೆ ಒಂದು ನೊಣವೂ ಹೋಗಲಾರದು. ಆದರೂ ಹಿಂದಕ್ಕೆ ಹೋದರು. ಅವನ ಹಾಡು ನಿಂತಿತು. ಮಾತು, ಮುಖ, ನಡುಗುವ ದನಿ ಎಲ್ಲವನ್ನೂ ಅಭಿನಯಿಸಬಹುದು. ಹೋದ ಸಲ ಈ ಮನುಷ್ಯ ಕಣ್ಣಲ್ಲಿ ನೀರು ಕೂಡ ತಂದುಕೊಂಡಿದ್ದರು. ಆದರೆ ಹಿಂದಕ್ಕೆ ಹೆಜ್ಜೆ ಇಟ್ಟಿರಲಿಲ್ಲ. ಅವನಿಗೆ ಮೊದಲು ಆದದ್ದು ಭಯವಲ್ಲ, ನಿರಾಸೆ. ಇಷ್ಟು ಹೊತ್ತು ಯಾರೂ ನೋಡುತ್ತಿರಲಿಲ್ಲ.

‘ಏನ್ ಮಾಡಿದಿರಿ ನೀವು,’ ಎಂದರು ಮುಖ್ಯಸ್ಥರು. ಬೈಗುಳವಲ್ಲ, ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ‘ಆ ರಕ್ತ ತೆಗೆದ ಡಾಕ್ಟರು ಬೆಳಗ್ಗೆ ತೀರಿಕೊಂಡ್ರಂತೆ. ಈಗ ಫೋನಲ್ಲಿ ಹೇಳಿದ್ರು. ಮಾಸ್ಕ್ ಹಾಕ್ಕೊಳ್ಳಿ. ಮುಖ ತೊಳ್ಕೊಳ್ಳಿ, ಸೋಪು ಹಾಕಿ.’

ಅವಳು ಸಿಂಕಿನ ಹತ್ತಿರ ಹೋಗಿ ಮುಖ ತೊಳೆದಳು. ತುಂಬ ಹೊತ್ತು ತೊಳೆದಳು. ಅವನು ಅವಳ ಹಿಂದೆ ಸರದಿಯಲ್ಲಿ ನಿಂತ ಹಾಗೆ ನಿಂತಿದ್ದ. ಅವಳು ತಿರುಗಿದಾಗ ಬೈಯುತ್ತಾಳೆ ಎಂದು ಕಾದ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ‘ಸರ್, ನೀವು ಡ್ರಿಲ್ ಅಂದ್ರಲ್ಲ,’ ಎಂದಳು. ‘ನನಗೂ ಹಾಗೇ ಅನ್ನಿಸ್ತಮ್ಮ,’ ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಅವನ ತಪ್ಪಿಗೂ ಅವಳೇ ಸಮಾಧಾನ ಹೇಳುತ್ತಿದ್ದ ಹಾಗಿತ್ತು, ಅದಕ್ಕಾಗಿ ಅವನಿಗೆ ಅವಳ ಮೇಲೆ ಸಿಟ್ಟು ಬಂತು.

ಮನೆಗೆ ಮಾತಾಡಲು ಅನುಮತಿ ಸಿಕ್ಕಿತು. ಗೋಡೆಯ ಫೋನಿನಲ್ಲಿ ಅವಳು ತನ್ನ ತಾಯಿಯ ಜೊತೆ ಮಾತಾಡಿದಳು. ‘ಅಮ್ಮ, ಇವತ್ತು ಬರೋಕಾಗಲ್ಲ, ಕೆಲಸ ಇದೆ. ಫ್ರಿಜ್ಜಲ್ಲಿ ಹಾಲು ತೆಗೆದಿಟ್ಟಿದೀನಿ, ಬೆಚ್ಚಗೆ ಮಾಡಿ ಕೊಡು. ಜಾಸ್ತಿ ಬಿಸಿ ಮಾಡ್ಬೇಡ. ಅಳ್ತಿದಾನಾ? ಎತ್ಕೊಂಡು ಓಡಾಡು, ಮಲಗ್ತಾನೆ.’ ಸ್ವಲ್ಪ ಹೊತ್ತು ಕೇಳಿಸಿಕೊಂಡು, ‘ಇಲ್ಲಮ್ಮ, ಭಯ ಏನಿಲ್ಲ, ನಮ್ಮ ಸರ್ ಜೊತೇಲೇ ಇದಾರೆ,’ ಎಂದಳು. ದನಿ ಎಲ್ಲಿಯೂ ಒಡೆಯಲಿಲ್ಲ. ಹೀಗೂ ಮಾತಾಡಬಹುದಿತ್ತು, ಇಷ್ಟೇ ಸುಲಭವಿತ್ತು ಎಂದು ಅವನು ಬೆಂಚಿನ ಮೇಲೆ ಕುಳಿತು ಯೋಚಿಸಿದ. ಅವಳು ಫೋನನ್ನು ಅವನತ್ತ ಚಾಚಿದಳು. ಬೇಡವೆಂದು ಕೈಯಾಡಿಸಿದ. ಹೆಂಡತಿಗೆ ಹೇಳಲು ಅವನ ಬಳಿ ಏನೂ ಉಳಿದಿರಲಿಲ್ಲ, ಹೋದ ಸಲವೇ ಎಲ್ಲ ಹೇಳಿ ಮುಗಿಸಿದ್ದ.

‘ಪುಣ್ಯಕ್ಕೆ ಔಷಧಿ ನಮ್ಮಲ್ಲೇ ಇದೆ,’ ಎಂದರು ಮುಖ್ಯಸ್ಥರು ಗಾಜಿನಾಚೆಯಿಂದ. ದನಿಗೆ ಜೀವ ಬಂದಿತ್ತು. ‘ಈ ಜಾತಿ ಜ್ವರಕ್ಕೆ ಬೇಗ ಕೊಟ್ಟರೆ ಕೆಲಸ ಮಾಡುತ್ತೆ ಆ ಇಂಜೆಕ್ಷನ್ನು. ಎರಡು ತರಿಸಿದೀನಿ. ನೀವೇ ನೋಡ್ಕೊಳ್ಳೋ ಫ್ರಿಜ್ಜಿಂದ, ಇನ್ನೊಂದು ಬೀಗದ ಕೈ ನನ್ನ ಹತ್ರ ಇತ್ತು.’

ಹೌದು, ತುರ್ತು ಔಷಧಿಗಳ ಉಸ್ತುವಾರಿ ಅವನದೇ. ಚಿತ್ರ ತಯಾರಾದ ಮೇಲೆ ಮುಖ್ಯಸ್ಥರು ಬೇಸರ ಪಟ್ಟುಕೊಂಡು, ಗಾಯಕ್ಕೆ ಮುಲಾಮು ಹಚ್ಚಿದಂತೆ ಆ ಫ್ರಿಜ್ಜಿನ ಬೀಗದ ಕೈಯನ್ನು ಅವನಿಗೆ ಕೊಟ್ಟಿದ್ದರು. ಹೋದ ತಿಂಗಳು ಮೇಲಿನ ಅಧಿಕಾರಿಗಳು ಲ್ಯಾಬು ಎಷ್ಟು ಸನ್ನದ್ಧವಾಗಿದೆ ನೋಡಲು ಬರುತ್ತೇವೆಂದರು. ಅವನು ಮೇಜಿಗೆ ಬಿಳಿ ಬಟ್ಟೆ ಹಾಸಿ, ಫ್ರಿಜ್ಜಿನಿಂದ ಆ ಪುಟ್ಟ ಬಾಟಲಿಗಳನ್ನು ತಂದು ಸಾಲಾಗಿ ಜೋಡಿಸಿದ್ದ. ತಣ್ಣಗಿದ್ದ ಗಾಜು ಬೆವೆತು ಲೇಬಲ್ಲುಗಳು ಒದ್ದೆಯಾದವು. ಕಾಣಲು ಚೆನ್ನಾಗಿರಲೆಂದು ಒಂದೊಂದನ್ನೂ ಕರವಸ್ತ್ರದಿಂದ ಒರೆಸಿದ್ದ. ಅಧಿಕಾರಿಗಳು ಎಲ್ಲೋ ಊಟಕ್ಕೆ ಕುಳಿತವರು ಸಂಜೆಗೆ ಬಂದರು. ಬಂದು, ನೋಡಿ, ಫೋಟೋ ತೆಗೆಸಿಕೊಂಡು, ಭೇಷ್ ಎಂದು ಹೋದರು. ಅಷ್ಟು ಹೊತ್ತು ಸೆಕೆಯಲ್ಲಿ ನಿಂತ ಆ ಔಷಧಿ ಅಲ್ಲಿಗೆ ಸತ್ತಿತ್ತು. ಹೊರಗಿಟ್ಟು ಕೆಡಿಸಿದೆ ಎಂದು ಮುಖ್ಯಸ್ಥರ ಮುಂದೆ ಹೋಗಿ ಹೇಳಬೇಕಿತ್ತು, ಎಸೆದು ಹೊಸದನ್ನು ತರಿಸಬೇಕಿತ್ತು. ಮತ್ತೊಮ್ಮೆ ಅವರ ಕೈ ತನ್ನ ಹೆಗಲ ಮೇಲೆ ಬೀಳುವುದನ್ನು ನೆನೆಸಿಕೊಂಡು ಅವನು ಬಾಟಲಿಗಳನ್ನು ತಂದ ಹಾಗೇ ಒಳಗಿಟ್ಟು ಬೀಗ ಹಾಕಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡಿದ್ದ. ನಾಳೆಗಳೆಲ್ಲ ಹಾಗೇ ಹೋದವು.

ಗೋಡೆಯ ಗೂಡಿನಲ್ಲಿ ತಟ್ಟೆ ಬಂದು ಕೂತಿತು. ಸಿರಿಂಜುಗಳು, ಹತ್ತಿ, ಎರಡು ಬಾಟಲಿ. ಒಂದರ ಲೇಬಲ್ಲು ಸುಕ್ಕುಗಟ್ಟಿ, ಅಕ್ಷರ ಹರಡಿ, ಮೂಲೆ ಎದ್ದಿತ್ತು. ಇನ್ನೊಂದರದು ಹೊಸದರಂತೆ ನುಣ್ಣಗಿತ್ತು. ಮೇಜಿನ ಸಾಲು ಸಮ ಮಾಡಲು ಅವನು ಒಂದೇ ಒಂದು ಬಾಟಲಿಯನ್ನು ಒಳಗೇ ಬಿಟ್ಟಿದ್ದ. ತರಲು ಹೋದವರ ಕೈಗೆ, ಇದ್ದ ಅಷ್ಟರಲ್ಲಿ, ಅದೂ ಒಂದು ಸಿಕ್ಕಿತ್ತು. ಈಗ ಬಾಯಿ ಬಿಟ್ಟರೆ ಸಾಕು. ದೊಡ್ಡ ಆಸ್ಪತ್ರೆಯಲ್ಲಿ ಈ ಔಷಧಿ ಇರುತ್ತದೆ. ಈಗ ಗಾಡಿ ಹೊರಟರೆ ಬೆಳಗಿನೊಳಗೆ ಬರುತ್ತದೆ. ಬೆಳಗಿಗೆ ಕೊಟ್ಟರೂ ಅವಳು ಉಳಿಯಬಹುದು. ಹೇಳಬೇಕಾದದ್ದು ಒಂದೇ ವಾಕ್ಯ. ಆದರೆ ಆ ವಾಕ್ಯದ ಮುಂದೆ ಕ್ಯಾಮೆರಾ ಇತ್ತು. ಅವಳು ಬದುಕುವುದು ಬದುಕಬಹುದು ಎನ್ನುವಷ್ಟರ ಮಾತು, ಅವನ ಮಾನ ಹೋಗುವುದು ಮಾತ್ರ ಖಂಡಿತ. ನನಗೆ ತಪ್ಪು ನೆನಪಿರಬಹುದು ಎಂದು ಅವನು ತನಗೆ ತಾನೇ ಹೇಳಿಕೊಂಡ. ಸುಕ್ಕು ಬೇರೆ ಯಾವುದರಿಂದಲೋ ಆಗಿರಬಹುದು. ಸೆಕೆಯಲ್ಲಿ ಇಟ್ಟದ್ದೆಲ್ಲ ಪೂರ್ತಿ ಕೆಡಲೇಬೇಕೆಂದೇನು? ಒಂದೊಂದು ಯೋಚನೆಯೂ ಅದು ಸುಳ್ಳೆಂದು ಗೊತ್ತಿದ್ದೇ ಬರುತ್ತಿತ್ತು.

‘ಒಬ್ಬರಿಗೊಬ್ಬರು ಕೊಟ್ಟುಕೊಳ್ಳಿ,’ ಎಂದರು ಮುಖ್ಯಸ್ಥರು. ‘ಒಳಗೆ ಯಾರೂ ಬರೋ ಹಾಗಿಲ್ಲ.’

ಅವಳು ಕೈ ತೊಳೆದು ತಟ್ಟೆಯ ಹತ್ತಿರ ಬಂದಳು. ‘ಮೊದಲು ನಿಮಗೆ ಕೊಡ್ತೀನಿ ಸರ್. ನಿಮ್ಮ ಮೇಲೇ ಜಾಸ್ತಿ ಸಿಡಿದಿದ್ದು.’ ಅವಳ ಕೈ ಹತ್ತಿರದ ಬಾಟಲಿಯ ಕಡೆಗೆ ಹೋಯಿತು, ಸುಕ್ಕಾಗಿದ್ದರ ಕಡೆಗೆ. ಅದು ಅಲ್ಲಿಯೇ ನಡೆದುಹೋಗಬಹುದಿತ್ತು. ಅವನು ಸುಮ್ಮನಿದ್ದರೆ ಸಾಕಿತ್ತು, ಏನೂ ಮಾಡಬೇಕಾಗಿರಲಿಲ್ಲ, ಒಳ್ಳೆಯವನಾಗಬೇಕಾಗಿಯೂ ಇರಲಿಲ್ಲ.

‘ಅದಲ್ಲ,’ ಎಂದ. ‘ಈ ಕಡೇದು ತಗೋ.’

‘ಯಾಕೆ ಸರ್?’

‘ಕೈಗೆ ಸಿಗುತ್ತೆ, ಅದಕ್ಕೆ.’

ಅವಳು ಅದನ್ನೇ ತೆಗೆದುಕೊಂಡಳು. ಸಿರಿಂಜಿಗೆ ಎಳೆದು, ಗಾಳಿಯ ಗುಳ್ಳೆ ತೆಗೆದು, ಅವನ ತೋಳನ್ನು ಹತ್ತಿಯಿಂದ ಒರೆಸಿ, ‘ಒಂಚೂರು ಉರಿಯುತ್ತೆ’ ಎಂದು ಚುಚ್ಚಿದಳು. ಉರಿಯಿತು. ಆ ಉರಿ ಭುಜದವರೆಗೆ ಹರಡುವುದನ್ನು ಅವನು ಕಣ್ಣು ಮುಚ್ಚಿ ಅನುಭವಿಸಿದ. ಅಷ್ಟು ಸುಖ ಅವನಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಕಣ್ಣು ತೆರೆದಾಗ ಅವಳು ಗೌನಿನ ತೋಳನ್ನು ಮೇಲಕ್ಕೆ ಮಡಿಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತಿದ್ದಳು. ಸೂಜಿ ಎಂದರೆ ಅವಳಿಗೆ ಹೆದರಿಕೆಯಂತೆ, ಬೇರೆಯವರಿಗೆ ಚುಚ್ಚಲು ಏನೂ ಅನ್ನಿಸುವುದಿಲ್ಲವಂತೆ, ನಗುತ್ತ ಹೇಳಿದಳು. ಅವನು ಸುಕ್ಕಾದ ಬಾಟಲಿಯನ್ನು ಎತ್ತಿ, ಎದ್ದಿದ್ದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ. ಔಷಧಿ ತಿಳಿಯಾಗಿ, ನೀರಿನಂತೆ ಸಿರಿಂಜಿಗೆ ಬಂತು. ಕೈ ಒಂದಿಷ್ಟೂ ನಡುಗಲಿಲ್ಲ. ನಡುಗೀತು, ಆಗ ಅವಳು ಕೇಳಿಯಾಳು, ಕೇಳಿದರೆ ಹೇಳಿಬಿಟ್ಟೇನು ಎಂದು ಅವನು ಕಾದದ್ದು ವ್ಯರ್ಥವಾಯಿತು.

‘ಆಯ್ತಾ ಸರ್?’ ಅವಳು ಈ ಕಡೆ ತಿರುಗಿದಳು. ‘ಗೊತ್ತೇ ಆಗಲಿಲ್ಲ. ನಿಮ್ಮ ಕೈಗುಣ ಒಳ್ಳೇದು.’

ಎರಡು ಬಾಟಲಿಗಳನ್ನೂ ನಿಯಮದ ಪ್ರಕಾರ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಹಾಕಿದ. ಲೇಬಲ್ಲುಗಳು ಬಿಟ್ಟುಕೊಂಡು ಮೇಲೆ ತೇಲಿದವು, ಸ್ವಲ್ಪ ಹೊತ್ತಿನಲ್ಲಿ ಎರಡೂ ಒಂದೇ ತರಹ ಬಿಳಿಚಿಕೊಂಡವು. ಗಾಜಿನಾಚೆ ಮುಖ್ಯಸ್ಥರು ಇಬ್ಬರಿಗೂ ಆಯಿತೇ ಎಂದು ಬೆರಳಿನಲ್ಲಿ ಕೇಳಿದರು. ಅವನು ಹೆಬ್ಬೆರಳು ಎತ್ತಿ ತೋರಿಸಿದ. ಅವಳು ಬೆಂಚಿನ ಆ ತುದಿಯಲ್ಲಿ, ತೋಳಿಗೆ ಹತ್ತಿ ಒತ್ತಿಕೊಂಡು, ಗೋಡೆಗೆ ತಲೆಯಾನಿಸಿ ಕುಳಿತಿದ್ದಳು. ಇಡೀ ದಿನದಲ್ಲಿ ಮೊದಲ ಸಲ ಅವಳ ಭುಜಗಳು ಸಡಿಲವಾಗಿದ್ದವು.

‘ಸರ್,’ ಎಂದಳು, ‘ಇನ್ನು ಹುಷಾರಾಗ್ತೀವಿ ಅಲ್ವಾ? ಇಬ್ಬರೂ?’

‘ಆಗ್ತೀವಮ್ಮ,’ ಎಂದ. ‘ನಿದ್ದೆ ಬಂದ್ರೆ ಮಲಗು.’